ಹೊಳೆ ಶುದ್ಧವಾದ ವರ್ಷ

ಆ ಊರಿನ ಕೆಳಬದಿಯ ಜನ ಹೊಳೆಗೆ ಬೆನ್ನು ಮಾಡಿಕೊಂಡು ಬದುಕುತ್ತಿದ್ದರು. ಮೊದಲು ಹಾಗಿರಲಿಲ್ಲ. ಹಳೆಯ ಮನೆಗಳ ಬಾಗಿಲುಗಳೆಲ್ಲ ಹೊಳೆಯ ಕಡೆಗೇ ಇದ್ದವು. ಆಮೇಲೆ ಒಂದೊಂದೇ ಬಾಗಿಲನ್ನು ಇಟ್ಟಿಗೆ ಜೋಡಿಸಿ ಮುಚ್ಚಿ, ಬೀದಿಯ ಕಡೆ ಗೋಡೆ ಒಡೆದು ಹೊಸದನ್ನು ಇಟ್ಟುಕೊಂಡರು. ಹೊಳೆ ನಾರುತ್ತಿತ್ತು. ಸುಮ್ಮನೆ ನಾರುವುದಲ್ಲ, ಒಣಗಲು ಹಾಕಿದ ಬಟ್ಟೆಗೆ, ಮುಚ್ಚಿಟ್ಟ ಹಾಲಿಗೆ, ಮಲಗಿದ ಕೂಸಿನ ನೆತ್ತಿಗೆ ಹತ್ತಿಕೊಳ್ಳುವ ನಾತ. ಬೇರೆ ಊರಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಂಡರೆ ಮನೆಯವರು, "ಯಾಕೆ, ನೆಗಡಿಯಾ?" ಎಂದು ಕೇಳುವಷ್ಟು ಅದು ಅವರಿಗೆ ಒಗ್ಗಿಹೋಗಿತ್ತು.

ಬಾಗಿಲು ಮುಚ್ಚದೆ ಉಳಿದ ಮನೆ ಒಂದೇ. ಅದು ಈಜುಮೇಷ್ಟ್ರದು.

ಈಜುಮೇಷ್ಟ್ರು ಅನ್ನುವುದು ಯಾರೂ ಕೊಟ್ಟ ಹುದ್ದೆಯಲ್ಲ, ಊರು ಕರೆದ ಹೆಸರು. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ಬಡಗಿ ಕೆಲಸ. ಬೆಳಗಿನ ಹೊತ್ತು ಮಾತ್ರ ಹೊಳೆಯ ಮೆಟ್ಟಿಲ ಹತ್ತಿರ ನಿಂತು, ಬಂದ ಮಕ್ಕಳಿಗೆಲ್ಲ ಈಜು ಕಲಿಸುತ್ತಿದ್ದರು. ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಇಡುವುದು, ಕೈಕಾಲು ಬಡಿ ಅನ್ನುವುದು, ಮನೆಯಲ್ಲಿ ಬೆಕ್ಕು ಮರಿ ಹಾಕಿದೆಯಂತಲ್ಲ ಎಂದು ಏನೋ ಕೇಳುವುದು, ಅದು ಉತ್ತರ ಕೊಡುವಷ್ಟರಲ್ಲಿ ಅಂಗೈ ತೆಗೆದುಬಿಡುವುದು. ಇಷ್ಟೇ ವಿದ್ಯೆ. ಯಾರಾದರೂ ಹೊಗಳಿದರೆ, "ಕಲಿಸೋದು ನಾನಲ್ಲಪ್ಪ, ನೀರು. ನಾನು ಬರೀ ಪರಿಚಯ ಮಾಡಿಸ್ತೀನಿ" ಅನ್ನುತ್ತಿದ್ದರು. ದೇವರ ಬಗ್ಗೆ ಮಾತನಾಡುವಾಗ ಕೆಲವರ ದನಿ ತಗ್ಗುತ್ತದಲ್ಲ, ನೀರಿನ ಬಗ್ಗೆ ಮಾತನಾಡುವಾಗ ಅವರ ದನಿ ಹಾಗೆ ತಗ್ಗುತ್ತಿತ್ತು.

ಊರು ಬೆಳೆಯಿತು. ಊರು ತಿಂದುಂಡು ತೊಳೆದದ್ದೆಲ್ಲ ಹೊಳೆಗೆ ಬಂತು. ಮಕ್ಕಳ ಮೈಮೇಲೆ ಗುಳ್ಳೆ ಎದ್ದವು, ಕಿವಿ ಸೋರಿದವು, ತಾಯಂದಿರು ಕಳಿಸುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ಮೇಷ್ಟ್ರು ಮೆಟ್ಟಿಲ ಮೇಲೆ ಒಬ್ಬರೇ ಕುಳಿತು ಎದ್ದುಬಂದರು. ಅಂದಿನಿಂದ ನೀರಿಗೆ ಕಾಲಿಟ್ಟವರಲ್ಲ. ಆದರೆ ಬಾಗಿಲು ಮುಚ್ಚಿಸಲಿಲ್ಲ. ಅದರ ಹೊಸ್ತಿಲ ಬಳಿ ತಾವೇ ಮಾಡಿದ ಸ್ಟೂಲು ಹಾಕಿಕೊಂಡು, ಕಾಯಿಲೆಯವರ ಪಕ್ಕ ಕುಳಿತುಕೊಳ್ಳುವ ಹಾಗೆ ಹೊಳೆಯ ಪಕ್ಕ ಕುಳಿತುಕೊಳ್ಳುತ್ತಿದ್ದರು.

ಇಷ್ಟರಲ್ಲಿ ಒಂದು ಅಪಚಾರ ಆಗಿಹೋಗಿತ್ತು. ಊರಿಗೆಲ್ಲ ಈಜು ಕಲಿಸಿದವರ ಮಗಳಿಗೇ ಈಜು ಬರುತ್ತಿರಲಿಲ್ಲ. ಅವಳು ಅಂಗೈಯ ಮೇಲೆ ಮಲಗುವಷ್ಟು ದೊಡ್ಡವಳಾಗುವ ಹೊತ್ತಿಗೆ ಹೊಳೆ ಕೆಟ್ಟಿತ್ತು.

ಆ ಮಗಳು ಓದಿದಳು. ಹೊಳೆಗಳ ಬಗ್ಗೆಯೇ ಓದಿದಳು. ಇಡೀ ಕಣಿವೆಯ ನೀರಿಗೆ ಯೋಜನೆ ಹಾಕುವ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಕೂದಲು ನರೆಯುವ ಹೊತ್ತಿಗೆ ಗುಣಮಟ್ಟದ ವಿಭಾಗಕ್ಕೆ ಮುಖ್ಯಸ್ಥೆಯಾದಳು. ಮೇಜಿನ ಮೇಲೆ ಧೂಳು ಕಂಡರೆ ಒರೆಸದೆ ಕೂರದವಳು, ಟೀ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಕುಡಿಯುವವಳು. ಕಚೇರಿಯವರು ಅವಳನ್ನು ಶುದ್ಧಿಯಮ್ಮ ಅಂದರು. ಮನೆಯಲ್ಲಿ ಅತ್ತಿಗೆಯೂ ಹಾಗೇ ಅನ್ನತೊಡಗಿದಳು. ಅಣ್ಣ ಲಾರಿ ಓಡಿಸುವವನು, ಮನೆಯಲ್ಲಿರುವುದು ಅಪರೂಪ. ಶುದ್ಧಿಯಮ್ಮ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅತ್ತಿಗೆ, "ಹುಡುಗರ ನೀರು ಪರೀಕ್ಷೆ ಮಾಡಿದ್ಲು, ಯಾರೂ ಪಾಸಾಗಲಿಲ್ಲ" ಅನ್ನುತ್ತಿದ್ದಳು.

ನಿಜ ಬೇರೆ ಇತ್ತು. ಕೆಲಸಕ್ಕೆ ಸೇರಿದ ದಿನ ಶುದ್ಧಿಯಮ್ಮ ಅಪ್ಪನಿಗೆ ಒಂದು ಮಾತು ಕೊಟ್ಟಿದ್ದಳು. "ಅಪ್ಪ, ನೀನು ಮತ್ತೆ ಈ ಹೊಳೇಲಿ ಈಜ್ತೀಯ. ನಾನು ಈಜೋ ಹಾಗೆ ಮಾಡ್ತೀನಿ." ಅವಳ ಬದುಕೆಲ್ಲ ಆ ಮಾತಿನ ಹಿಂದೆ ಹೋಯಿತು.

*

ಕಚೇರಿಯ ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಓಣಿ. ಓಣಿಯ ಈ ಕಡೆ ಗುಣಮಟ್ಟದ ವಿಭಾಗ, ಆ ಕಡೆ ಹರಿವಿನ ವಿಭಾಗ. ಈ ಕೋಣೆಯವರು ನೀರು ಹೇಗಿದೆ ಎಂದು ನೋಡುವವರು, ಆ ಕೋಣೆಯವರು ನೀರು ಎಷ್ಟಿದೆ ಎಂದು ನೋಡುವವರು. ದೇವರು ನೀರನ್ನು ಸೃಷ್ಟಿಸಿದಾಗ ಎಷ್ಟು ಮತ್ತು ಹೇಗೆ ಎಂದು ಎರಡು ಕೋಣೆ ಕಟ್ಟಿರಲಿಲ್ಲ, ಮನುಷ್ಯರು ಕಟ್ಟಿಕೊಂಡರು.

ಆ ಕೋಣೆಯ ಮುಖ್ಯಸ್ಥರಿಗೆ ಅಳತೆರಾಯರು ಎಂದು ಹೆಸರು. ಸೇತುವೆ ಸೇತುವೆಗೂ ಅಳತೆಪಟ್ಟಿ ಹಾಕಿಸಿ, ಎಲ್ಲಿ ಎಷ್ಟು ಹರಿಯುತ್ತದೆ ಎಂದು ಬಾಯಿಪಾಠ ಹೇಳುವ ಮನುಷ್ಯ. ಇಬ್ಬರಿಗೂ ಒಬ್ಬರನ್ನೊಬ್ಬರು ಕೆಣಕದಿದ್ದರೆ ಟೀ ಇಳಿಯುತ್ತಿರಲಿಲ್ಲ.

"ಏನು ಶುದ್ಧಿಯಮ್ಮನವರೇ, ಇವತ್ತು ಯಾವ ಕೊಳೆ ಮುಖ ನೋಡಿ ಬಂದ್ರಿ?"

"ನಿಮ್ಮ ಮುಖಾನೇ ರಾಯರೇ. ಓಣೀಲಿ ಅದೊಂದೇ ಅಡ್ಡ ಬಂದಿದ್ದು."

"ನಮ್ಮ ಕೋಣೇಲಿ ನೀರು ಇದ್ರೆ ತಾನೇ ನಿಮ್ಮ ಕೋಣೇಲಿ ಕೊಳೆ?"

"ಕೊಳೇನೂ ಸೇರಿಸಿ ಅಳೀತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಅವರು ನಕ್ಕರು, ಇವಳೂ ನಕ್ಕಳು. ಆ ತಮಾಷೆಯ ಮಾತಿನೊಳಗೆ ಏನಿತ್ತು ಎಂದು ಇಬ್ಬರಿಗೂ ಅಂದು ಹೊಳೆಯಲಿಲ್ಲ.

ಹಿಂದೊಮ್ಮೆ ಈ ಎರಡು ಕೋಣೆಗಳ ನಡುವೆ ದೊಡ್ಡ ಜಗಳವಾಗಿ ಯೋಜನೆಯೇ ನಿಂತುಹೋಗಿತ್ತಂತೆ. ಅಂದಿನಿಂದ ಕಚೇರಿಯಲ್ಲಿ ಒಂದು ಪದ್ಧತಿ: ಯೋಜನೆಯಲ್ಲಿ ಅವರವರ ಅಧ್ಯಾಯ ಅವರವರದು. ಒಬ್ಬರ ಅಧ್ಯಾಯಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ, ಕೇಳದೆ ಓದುವಂತೆಯೂ ಇಲ್ಲ. ಕೊನೆಯಲ್ಲಿ ಎರಡನ್ನೂ ಸೇರಿಸಿ ಹೊಲಿದು ದಪ್ಪನೆಯ ರಟ್ಟು ಹಾಕುತ್ತಿದ್ದರು. ಮನೆ ನೆಮ್ಮದಿಯಾಗಿರಲಿ ಎಂದು ವಾರಗಿತ್ತಿಯರು ಅಡುಗೆಮನೆ ಬೇರೆ ಮಾಡಿಕೊಳ್ಳುವುದಿಲ್ಲವೇ, ಹಾಗೆ. ಜಗಳ ನಿಂತಿತು. ಮಾತೂ ನಿಂತಿತು.

ಈ ಸಲದ ಯೋಜನೆಯಲ್ಲಿ ಶುದ್ಧಿಯಮ್ಮ ತನ್ನ ಪ್ರಾಣವನ್ನೇ ಇಟ್ಟಿದ್ದಳು. ಊರಿನ ಎಲ್ಲ ಚರಂಡಿಗಳನ್ನೂ ಹೊಳೆ ಮುಟ್ಟುವ ಮೊದಲೇ ತಡೆದು, ಒಂದು ದೊಡ್ಡ ಕೊಳವೆಗೆ ಸೇರಿಸಿ, ಪಂಪಿನಿಂದ ಗುಡ್ಡ ಹತ್ತಿಸಿ, ಆಚೆ ಕಣಿವೆಯ ಶುದ್ಧೀಕರಣ ಘಟಕಕ್ಕೆ ಒಯ್ಯುವುದು. ಅಲ್ಲಿ ಶುದ್ಧವಾದ ನೀರು ಆಚೆ ಕಡೆಯ ಕಾರ್ಖಾನೆಗಳಿಗೆ. ಈ ಕಡೆಯ ಹೊಳೆ ಹೊಳೆಯಾಗಿಯೇ ಉಳಿಯಲಿ. ಅವಳ ಅಧ್ಯಾಯದಲ್ಲಿ ಒಂದು ಸಾಲಿತ್ತು: ಊರಿನ ಕೊಳೆನೀರು ಒಂದು ತೊಟ್ಟೂ ಹೊಳೆಗೆ ಬೀಳಕೂಡದು.

ಕಚೇರಿಯ ಹಿರಿಯರು, ಅಂದರೆ ಮುಖ್ಯ ಯೋಜನಾಧಿಕಾರಿ, ತೂಕದ ಮನುಷ್ಯ. ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ 'ಆದಷ್ಟು ಮಟ್ಟಿಗೆ' ಅಂತ ಸೇರಿಸೋಣವೇನಮ್ಮ?" ಎಂದರು.

"ಆದಷ್ಟು ಅಂದ್ರೆ ಆಗೋದೇ ಇಲ್ಲ ಸರ್. ಆ ಎರಡು ಮಾತಿನ ಸಂದೀಲಿ ಇಡೀ ಊರಿನ ಚರಂಡಿ ನುಗ್ಗತ್ತೆ."

"ಅಷ್ಟು ಬಿಗಿ ಬೇಡ ಅಂತ."

"ಬಿಗಿ ಇಲ್ದೇ ಇದ್ದದ್ದಕ್ಕೇ ಹೊಳೆ ಹೀಗಾಗಿರೋದು ಸರ್."

ಅವರು ಕೈ ಚೆಲ್ಲಿದರು. 'ಒಂದು ತೊಟ್ಟೂ' ಉಳಿಯಿತು. ಅಂದು ಸಂಜೆ ಅವಳು ದೇವರ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತಿದ್ದಳು. ಕೇಳುವುದಕ್ಕೆ ಏನೂ ಇರಲಿಲ್ಲ. ಸುಮ್ಮನೆ ಕುಳಿತಿದ್ದಳು.

*

ಮಳೆಗಾಲದ ನಡುವೆ ಕೊಳವೆ ಚಾಲೂ ಆಯಿತು. ಮೇಲಿನ ಅಣೆಕಟ್ಟು ತುಂಬಿ ಬಾಗಿಲು ತೆರೆದಿದ್ದ ಕಾಲ. ಚರಂಡಿಗಳ ಬಾಯಿ ಕಟ್ಟಿದ ಕೆಲವೇ ದಿನಕ್ಕೆ ಹೊಳೆಯ ಕಪ್ಪು ಕಳಚಿತು. ಬೂದಿಯಾಯಿತು, ಆಮೇಲೆ ತೆಳ್ಳನೆಯ ಮಣ್ಣಿನ ಬಣ್ಣವಾಯಿತು. ಮಳೆ ಹಿಂಜರಿದ ಒಂದು ಬೆಳಿಗ್ಗೆ ತಿಳಿಯಾಗಿ ನಿಂತಿತು. ಹೊಳೆಯೊಳಗೆ ಮೆಟ್ಟಿಲುಗಳು ಕಂಡವು. ಕೆಳಬದಿಯ ಜನ ಸಾಲುಗಟ್ಟಿ ಸೇತುವೆಯ ಮೇಲೆ ನಿಂತು ನೋಡಿದರು. ಯಾರೂ ಜೋರಾಗಿ ಮಾತನಾಡಲಿಲ್ಲ. ಒಬ್ಬ ಮುದುಕಿ ಮಾತ್ರ, "ನಾತ ಎಲ್ಲಿ ಹೋಯ್ತು?" ಎಂದು, ಏನೋ ಕಳೆದುಕೊಂಡವಳಂತೆ ಸುತ್ತ ನೋಡುತ್ತಿದ್ದಳು.

ಈಜುಮೇಷ್ಟ್ರು ಸ್ಟೂಲಿನಿಂದ ಎದ್ದು ನಿಂತಿದ್ದರು. ಕಚೇರಿಗೆ ಹೊರಟಿದ್ದ ಮಗಳನ್ನು ಕರೆದರು.

"ಮಗಳೇ."

"ಏನಪ್ಪ?"

"ಇಳೀಲಾ?"

ಆ ಮೂರು ಅಕ್ಷರವೇ ಜಾಸ್ತಿಯಾಯಿತೇನೋ ಎಂಬಂತೆ ಕೇಳಿದರು. ವಯಸ್ಸಾದ ಮುಖದ ಮೇಲೆ ಮಳೆ ನಿಂತ ಮೇಲಿನ ಬಿಸಿಲಿನಂಥದ್ದು ಏನೋ ಇತ್ತು.

ಶುದ್ಧಿಯಮ್ಮ ಕೈಚೀಲ ಕೆಳಗಿಟ್ಟಳು. ಇಳಿ ಅಪ್ಪ ಎಂದು ಬಾಯಿಗೆ ಬಂದಿತ್ತು. ಆದರೆ ಅವಳು ಗುಣಮಟ್ಟದ ವಿಭಾಗದವಳು. ಕಣ್ಣಿಗೆ ತಿಳಿಯಾಗಿ ಕಂಡದ್ದೆಲ್ಲ ಶುದ್ಧವಲ್ಲ ಎಂದು ಹೊಸಬರಿಗೆ ಹೇಳಿಕೊಟ್ಟವಳು. ಹೊಳೆಯ ಒಂದು ಭಾಗವನ್ನು 'ಈಜಲು ಯೋಗ್ಯ' ಎಂದು ಸಾರಬೇಕಾದರೆ, ಒಂದು ಇಡೀ ಋತು ಮಾದರಿ ತೆಗೆದು, ಪ್ರತಿಸಲವೂ ನೀರು ಗೆಲ್ಲಬೇಕು. ನಿಯಮ ಹಾಗಿತ್ತು. ಆ ನಿಯಮ ಬರೆಸಿದವಳೂ ಅವಳೇ. ಹಿಂದೆ ಯಾರೋ ಮಂತ್ರಿ ಒಂದು ಒಳ್ಳೆಯ ದಿನ ನೋಡಿ ಮುಳುಗು ಹಾಕಿ ಹೊಳೆ ಸರಿಹೋಯಿತು ಎಂದು ಹೇಳಿ ಹೋಗಿದ್ದ; ಅದನ್ನು ನಂಬಿ ಇಳಿದ ಮಕ್ಕಳು ಆಸ್ಪತ್ರೆ ಸೇರಿದ್ದವು. ಒಂದು ಒಳ್ಳೆಯ ದಿನವನ್ನು ಎಂದೂ ನಂಬಬಾರದು ಎಂದು ಅವಳು ಅಂದು ತೀರ್ಮಾನಿಸಿದ್ದಳು.

"ಸ್ವಲ್ಪ ತಡಿ ಅಪ್ಪ. ಕ್ರಿಮಿ ಕಣ್ಣಿಗೆ ಕಾಣಲ್ಲ. ಈ ಋತು ಮುಗೀಲಿ. ಮಾದರಿ ಎಲ್ಲ ಚೆನ್ನಾಗಿ ಬಂದ್ರೆ ನಾನೇ ಕೈ ಹಿಡಿದು ಇಳಿಸ್ತೀನಿ."

"ಆಗಲಿ ತಾಯಿ" ಎಂದರು ಮೇಷ್ಟ್ರು. ತಾವು ಹೇಳಿದ ಹಾಗೆ ಕೇಳಿದ ಮಕ್ಕಳನ್ನೆಲ್ಲ ನೆನೆದವರಂತೆ ನಕ್ಕರು. "ಉಂಡ ಕೂಡ್ಲೇ ನೀರಿಗೆ ಇಳೀಬೇಡ್ರೋ ಅಂತ ಎಷ್ಟು ಮಕ್ಕಳನ್ನ ಮೆಟ್ಟಿಲ ಮೇಲೆ ಕೂರಿಸಿದೀನಿ. ಈಗ ನನ್ನ ಸರದಿ." ಮತ್ತೆ ಸ್ಟೂಲಿನ ಮೇಲೆ ಕುಳಿತರು.

ಅತ್ತಿಗೆ ಒಳಗಿನಿಂದಲೇ ಸಿಡುಕಿದಳು. "ಆ ಮುದಿಜೀವ ಅಷ್ಟು ವರ್ಷ ಕಾದಿದ್ದು ಸಾಲದಾ? ಮಾವ ಅವರ ಹೊಳೆಗೆ ಇಳಿಯೋಕೆ ನಿನ್ನ ಸೀಲು ಬೇರೆ ಬೇಕಾ?"

"ಅತ್ತಿಗೆ, ಕಿವಿ ಸೋರಿದ್ರೆ ರಾತ್ರಿಯೆಲ್ಲ ಕೂತು ನೋಡೋರು ಯಾರು?"

"ನಾನೇ ನೋಡ್ತೀನಿ ಬಿಡು. ನೋಡದೆ ಇನ್ಯಾರು, ನಿನ್ನ ಗಂಡ ಬರ್ತಾನಾ?"

ಮೇಷ್ಟ್ರು ಕೈ ಎತ್ತಿದರು. "ಸಾಕು ನಿಲ್ಸಿ. ಹೊಳೆ ಏನು ಎದ್ದು ಓಡಿಹೋಗತ್ತಾ?"

ಮೂವರೂ ನಕ್ಕರು.

*

ಮಳೆ ನಿಂತಿತು. ಅಣೆಕಟ್ಟಿನ ಬಾಗಿಲು ಹಾಕಿದರು. ಪ್ರತಿವರ್ಷ ಹಾಕುವಂತೆಯೇ ಹಾಕಿದರು. ಊರಿಗೆ ಕುಡಿಯುವ ನೀರು ಬೇಕಲ್ಲ.

ಮಾದರಿ ತರುವವನಿಗೆ ಬಾಟಲಿಯಣ್ಣ ಎಂದು ಹೆಸರು. ಸೇತುವೆಯ ನಡುವಿನಿಂದ ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಸಿ ನೀರು ಎತ್ತುವುದು ಅವನ ಕೆಲಸ. ಮೊದಮೊದಲು ಅವನು ತಂದದ್ದೆಲ್ಲ ಗೆದ್ದಿತು. ಶುದ್ಧಿಯಮ್ಮ ಫಲಿತಾಂಶ ಬಂದಾಗಲೆಲ್ಲ ಮನೆಗೆ ಹೋಗಿ, "ಇನ್ನೊಂದು ಪಾಸು ಅಪ್ಪ" ಅನ್ನುತ್ತಿದ್ದಳು. ಅಪ್ಪ ತಲೆಯಾಡಿಸುತ್ತಿದ್ದರು. ಮಾತು ಕಡಿಮೆಯಾಗಿತ್ತು ಅವರದು. ಹೊಳೆಯ ಕಡೆ ನೋಡುತ್ತ, ಏನೋ ಹೇಳಲು ಹೋಗಿ ಸುಮ್ಮನಾಗುತ್ತಿದ್ದರು. ಅವಳು ಮನೆ ಬಿಡುವಾಗ ಬೆಳಗಿನ ಗಡಿಬಿಡಿ, ಬರುವಾಗ ಕತ್ತಲು. ಬಾಟಲಿಯೊಳಗಿನ ಹೊಳೆಯನ್ನು ಅವಳು ದಿನವೂ ನೋಡುತ್ತಿದ್ದಳು. ಬಾಗಿಲ ಮುಂದಿನ ಹೊಳೆಯನ್ನು ನೋಡಿ ಎಷ್ಟೋ ದಿನವಾಗಿತ್ತು.

ಒಂದು ಮಧ್ಯಾಹ್ನ ಬಾಟಲಿಯಣ್ಣ ತಲೆ ಕೆರೆದುಕೊಳ್ಳುತ್ತ ಬಂದು ನಿಂತ.

"ಅಮ್ಮಾ, ಇವತ್ತು ಸೇತುವೆಯಿಂದ ಆಗಲಿಲ್ಲ. ಬಾಟಲಿ ಕಲ್ಲಿಗೆ ಹೊಡೆದು ಒಡೀತು. ಕೆಳಗಿಳಿದು ಗುಂಡಿಯಿಂದ ಕೈಯಲ್ಲೇ ತುಂಬ್ಕೊಂಡು ಬಂದೆ."

"ಕಲ್ಲಿಗಾ? ನಡುಹೊಳೇಲಿ ಕಲ್ಲೆಲ್ಲಿಂದ ಬಂತು?"

"ಕಲ್ಲು ಮೊದಲೂ ಇತ್ತಮ್ಮ. ನೀರು ಮೇಲಿತ್ತು."

ಎದ್ದವಳೇ ಓಣಿ ದಾಟಿ ಅಳತೆರಾಯರ ಕೋಣೆಗೆ ಹೋದಳು. ಅವರು ಎಂದಿನಂತೆ, "ಬನ್ನಿ ಬನ್ನಿ, ಯಾವ ಕೊಳೆ ತಂದ್ರಿ?" ಎಂದು ಶುರುಮಾಡಿದವರು ಅವಳ ಮುಖ ನೋಡಿ ನಿಲ್ಲಿಸಿದರು.

"ರಾಯರೇ, ನಮ್ಮ ಕೆಳಗಿನ ಸೇತುವೆ ಹತ್ರ ಬೇಸಿಗೆ ಹರಿವು ಅಂತ ಯೋಜನೇಲಿ ಹಾಕಿದೀರಲ್ಲ."

"ಹಾಕಿದೀನಿ. ಬೇಸಿಗೇಲೂ ಅಲ್ಲಿ ಮೊಣಕಾಲುದ್ದಕ್ಕೆ ಕಮ್ಮಿ ಆಗಿಲ್ಲ. ಎಷ್ಟೋ ವರ್ಷದ ಅಳತೆ ಇದೆ. ಗಟ್ಟಿ ಹೊಳೆ ಅದು."

"ಬೇಸಿಗೇಲಿ ಅಣೆಕಟ್ಟಿನ ಬಾಗಿಲು ಹಾಕಿರತ್ತೆ."

"ಹಾಕಿರತ್ತೆ."

"ನಡುವೆ ಯಾವ ಹಳ್ಳಾನೂ ಸೇರಲ್ಲ."

"ಸೇರಲ್ಲ."

"ಮತ್ತೆ ಆ ಮೊಣಕಾಲುದ್ದ ನೀರು ಎಲ್ಲಿಂದ ಬರ್ತಿತ್ತು ರಾಯರೇ?"

ಅಳತೆರಾಯರು ಕುರ್ಚಿ ತಿರುಗಿಸಿದರು. ಗೋಡೆಯ ಮೇಲಿದ್ದ ಕಣಿವೆಯ ನಕ್ಷೆಯನ್ನು ನೋಡಿದರು. ಅಣೆಕಟ್ಟು, ಅದರ ಕೆಳಗೆ ಊರು, ಊರಿನ ಕೆಳಗೆ ಸೇತುವೆ. ಮೇಲಿನ ಹೊಳೆಯನ್ನೆಲ್ಲ ಊರು ಕುಡಿಯುತ್ತಿತ್ತು. ಕುಡಿದು, ತೊಳೆದು, ಕೊಳೆಮಾಡಿ ಕೆಳಗೆ ಬಿಡುತ್ತಿತ್ತು. ಆ ಬಿಟ್ಟದ್ದೇ ಬೇಸಿಗೆಯ ಹೊಳೆ. ಬೇರೆ ಹೊಳೆಯೇ ಇರಲಿಲ್ಲ. ಒಂದೇ ನೀರು, ಈ ಕೋಣೆಯಲ್ಲಿ ಹರಿವು ಅನಿಸಿಕೊಂಡಿತ್ತು, ಆ ಕೋಣೆಯಲ್ಲಿ ಕೊಳೆ ಅನಿಸಿಕೊಂಡಿತ್ತು. ಒಬ್ಬರು ಅದನ್ನು ನಂಬಿ ಹೊಳೆ ಬದುಕಿದೆ ಅಂದರು, ಇನ್ನೊಬ್ಬರು ಅದನ್ನೇ ಎತ್ತಿ ಗುಡ್ಡದಾಚೆಗೆ ಹಾಕಿದರು. ಎರಡು ಅಧ್ಯಾಯಗಳೂ ಒಂದೇ ರಟ್ಟಿನೊಳಗೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದವು.

"ಅಯ್ಯೋ" ಎಂದರು ಅಳತೆರಾಯರು.

"ಗಟ್ಟಿ ಹೊಳೆ" ಎಂದಳು ಶುದ್ಧಿಯಮ್ಮ. ಅದು ಕುಹಕವಾಗಿರಲಿಲ್ಲ. ಅವಳ ದನಿ ಒಣಗಿಹೋಗಿತ್ತು.

ಇಬ್ಬರೂ ಹಿರಿಯರ ಕೋಣೆಗೆ ಹೋದರು. ಅವರು ಕನ್ನಡಕ ತೆಗೆದು, ಒರೆಸಿ, ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯನಲ್ಲ ಅವರು. ಕೇಳುತ್ತ ಕೇಳುತ್ತ ಅವರ ಭುಜವೂ ಇಳಿಯಿತು.

"ಈಗ ಏನು ಮಾಡು ಅಂತೀಯಮ್ಮ?"

"ಶುದ್ಧ ಮಾಡಿದ ನೀರಲ್ಲಿ ಅರ್ಧ ವಾಪಸು ಕೊಡಿಸಿ ಸರ್."

"ಅದು ಗುಡ್ಡದಾಚೆ ಇದೆ. ಕೊಳವೆ ಆ ಕಡೆಗೆ ಹೋಗತ್ತೇ ಹೊರತು ಬರಲ್ಲ. ಕಾರ್ಖಾನೆಯವರು ಆ ನೀರು ನಂಬಿ ಗೋಡೆ ಎಬ್ಬಿಸಿಬಿಟ್ಟಿದಾರೆ. ಕೊಟ್ಟ ಮಾತು ಅದು."

"ಅಣೆಕಟ್ಟಿಂದ ಬಿಡಿಸಿ."

"ಊರಿಗೇ ಸಾಲ್ತಿಲ್ಲ. ಮಳೆಗಾಲದಲ್ಲಿ ಬಾಗಿಲ ಮೇಲಿಂದ ಹೋಗೋ ನೀರನ್ನೂ ಹಿಡಿಯೋಕೆ ಕಟ್ಟೆ ಎತ್ತರ ಮಾಡ್ತಿದೀವಿ. ಬರೋ ಮಳೆಗಾಲದಿಂದ ಅದೂ ಕೆಳಗೆ ಬರಲ್ಲ. ರಾಯರ ಅಧ್ಯಾಯದಲ್ಲಿದೆ. ಕೆಳಗೆ ಹೇಗೂ ಬೇಸಿಗೇಲೂ ಹರೀತಾನೇ ಇರತ್ತೆ, ಅದಕ್ಕೆ ತೊಂದರೆಯಿಲ್ಲ ಅಂತ ಬರೆದಿದಾರೆ."

ಅಳತೆರಾಯರು ನೆಲ ನೋಡಿದರು.

ಶುದ್ಧಿಯಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಮುಂದೆ ಅವಳ ಬಾಯಿಂದ ಬಂದ ಮಾತನ್ನು ಅವಳೇ ನಂಬಲಿಲ್ಲ. "ಹಾಗಾದ್ರೆ ಚರಂಡಿಗಳ ಬಾಯಿ ಬಿಚ್ಚಿಸಿ ಸರ್. ಕೊಳೆಯಾದ್ರೂ ಹರೀಲಿ."

ಹಿರಿಯರು ಅವಳನ್ನೇ ನೋಡಿದರು. ಗದರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

"ಒಂದು ತೊಟ್ಟೂ ಬೀಳಕೂಡದು ಅಂತ ನೀನೇ ಬರೆಸಿದೆ. ಈಗ ಅದು ಕಾಯಿದೆ. ನಾನು ಹೂಂ ಅಂದ್ರೂ ಕೆಳಬದಿಯ ಜನ ಒಪ್ತಾರಾ? ನಾತ ಹೋಯ್ತಲ್ಲ ಅಂತ ಮೊನ್ನೆ ಬಂದು ನನಗೆ ಕೈ ಮುಗಿದು ಹೋದ್ರು."

ಹೊರಗೆ ಬಂದ ಮೇಲೆ ಅಳತೆರಾಯರು ಓಣಿಯ ನಡುವೆ ನಿಂತರು. "ಶುದ್ಧಿಯಮ್ಮನವರೇ, ಒಂದು ಸಲ, ಒಂದೇ ಒಂದು ಸಲ ನಿಮ್ಮ ಅಧ್ಯಾಯ ಕೊಡಿ ಅಂತ ಕೇಳಿದ್ರೆ..."

"ನಾನೂ ಕೇಳಲಿಲ್ಲ ರಾಯರೇ."

ಟೀ ತರುವವನು ಬಂದು ಇಬ್ಬರ ಮುಂದೆಯೂ ಲೋಟ ಹಿಡಿದ. ಯಾರೂ ತೆಗೆದುಕೊಳ್ಳಲಿಲ್ಲ.

ಅಂದು ಮನೆಯಲ್ಲಿ ಅವಳು ದೇವರ ಮುಂದೆ ಕುಳಿತಳು. ಹೊಳೆಯನ್ನು ಶುದ್ಧ ಮಾಡು ಎಂದು ಚಿಕ್ಕಂದಿನಿಂದ ಬೇಡಿದ್ದಳು. ಅವನು ಕೊಟ್ಟಿದ್ದ. ಇನ್ನು ಅದನ್ನು ವಾಪಸು ತೆಗೆದುಕೋ, ಆ ಕಪ್ಪನ್ನೇ ಕೊಡು, ಆ ನಾತವನ್ನೇ ಕೊಡು ಎಂದು ಯಾವ ಬಾಯಿಂದ ಕೇಳುವುದು? ಆದರೂ ಕೇಳಿದಳು. ಎಷ್ಟೋ ಪ್ರಾರ್ಥನೆಗಳನ್ನು ಕೇಳಿದ ದೇವರು ಇಂಥದ್ದೊಂದನ್ನು ಕೇಳಿದ್ದನೋ ಇಲ್ಲವೋ. ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದರು. ಅವರಿಗೆ ಹೇಳಬೇಕೆಂದು ಎದ್ದು ಬಾಗಿಲವರೆಗೆ ಹೋದಳು. ಅಲ್ಲಿಂದಲೇ ಹಿಂತಿರುಗಿದಳು.

*

ಋತುವಿನ ಕೊನೆಯ ಫಲಿತಾಂಶ ಬಂದದ್ದು ಒಂದು ಬಿಸಿಲಿನ ಬೆಳಿಗ್ಗೆ. ಗುಂಡಿಯಿಂದ ಕೈಯಲ್ಲಿ ತುಂಬಿ ತಂದಿದ್ದ ಆ ಮಾದರಿ. ಅದೂ ಗೆದ್ದಿತ್ತು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಕೆಳಗಿನ ಸೇತುವೆಯಿಂದ ಮೆಟ್ಟಿಲವರೆಗಿನ ಹೊಳೆಯನ್ನು 'ಈಜಲು ಯೋಗ್ಯ' ಎಂದು ಸಾರಬಹುದಿತ್ತು. ನಕ್ಷೆ ಬರೆಯುವವನು ಬಂದು ಗೋಡೆಯ ಮೇಲೆ ಆ ಭಾಗದ ಕೆಂಪನ್ನು ಅಳಿಸಿ ನೀಲಿ ಬಳಿದ. ಚೆನ್ನಾಗಿ ಬಳಿದ, ಅಂಚು ದಾಟದಂತೆ. ವಿಭಾಗದ ಹೊಸ ಹುಡುಗಿಯರು ಚಪ್ಪಾಳೆ ತಟ್ಟಿದರು. ಶುದ್ಧಿಯಮ್ಮ ಚೀಲ ಎತ್ತಿಕೊಂಡು, ರಜೆ ಎಂದು ಹೇಳುವುದನ್ನೂ ಮರೆತು, ಬಸ್ಸು ಹತ್ತಿದಳು.

ಮನೆ ಮುಂದೆ ಅತ್ತಿಗೆ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

"ಮಾವ ಹೊಳೆ ಕಡೆ ಹೋದ್ರು. ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಹೋದ್ರು. ಬಿಸಿಲು ಜಾಸ್ತಿ, ಬೇಡ ಮಾವ ಅಂದೆ. ಋತು ಮುಗೀತಲ್ಲಮ್ಮ, ಅಂದ್ರು." ಅವಳ ಯಾವತ್ತಿನ ಕೊಂಕು ದನಿಯಲ್ಲಿರಲಿಲ್ಲ. "ಅಲ್ಲಿ ಏನಿದೆ ಅಂತ ಹೋದ್ರೇ ಶುದ್ಧಿ? ದಿನಾ ಈ ಬಾಗಿಲಲ್ಲಿ ಕೂತು ಎಲ್ಲಾ ನೋಡ್ತಾನೇ ಇದ್ರಲ್ಲ."

ಅಪ್ಪನಿಗೆ ಗೊತ್ತಿತ್ತು. ಹೊಳೆ ದಿನದಿನಕ್ಕೆ ಇಳಿಯುವುದನ್ನು ಹೊಸ್ತಿಲಲ್ಲಿ ಕುಳಿತು ನೋಡಿದ್ದರು. ಅವಳು 'ಪಾಸು' ಎಂದು ಬಂದಾಗಲೆಲ್ಲ ತಲೆಯಾಡಿಸಿದ್ದರು.

ಅವಳು ಓಡಿದಳು. ಮೆಟ್ಟಿಲ ತುದಿಯಲ್ಲಿ ನಿಂತು ನೋಡಿದರೆ, ಹೊಳೆ ಇದ್ದ ಜಾಗದಲ್ಲಿ ಬಿಳಿಯ ಕಲ್ಲು, ಬಿರಿದ ಮಣ್ಣು, ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಕನ್ನಡಿಯಂಥ ನೀರು. ನಾತವಿರಲಿಲ್ಲ. ಗಾಳಿ ಕೂಡ ಶುದ್ಧವಾಗಿತ್ತು. ದೂರದಲ್ಲಿ, ಹೊಳೆ ತಿರುಗುವ ಕಡೆ, ಅಪ್ಪ ನಿಂತಿದ್ದರು.

ಅದು ಮಡುವಿನ ಜಾಗ. ಕಲಿತು ಗಟ್ಟಿಯಾದ ಮಕ್ಕಳನ್ನು ಮಾತ್ರ ಅವರು ಅಲ್ಲಿಗೆ ಕರೆದೊಯ್ಯುತ್ತಿದ್ದರಂತೆ. ಈಗ ಅದು ಒಂದು ಆಳವಾದ ತಗ್ಗು, ಅಷ್ಟೆ. ಅದರ ತಳದಲ್ಲಿ ಅವರು ಮೇಲೆ ನೋಡುತ್ತ ನಿಂತಿದ್ದರು. ತಲೆಯ ಮೇಲೆ ಎಷ್ಟೋ ಎತ್ತರದವರೆಗೆ ಬಂಡೆಯ ಮೇಲೆ ಹಳೆಯ ನೀರಿನ ಗೆರೆಗಳಿದ್ದವು.

"ಬಂದ್ಯಾ" ಎಂದರು, ಅವಳು ಹತ್ತಿರ ಬಂದ ಮೇಲೆ. "ಇಲ್ಲಿ ಯಾರಿಗೂ ಕಾಲು ತಾಗ್ತಿರಲಿಲ್ಲ. ನನಗೂ ತಾಗಿರಲಿಲ್ಲ, ಒಂದು ಸಲಾನೂ. ಕೆಳಗೆ ಏನಿರಬಹುದು ಅಂತ ಆವಾಗ ಅಂದ್ಕೊಳ್ತಿದ್ದೆ." ಕಾಲಿನಿಂದ ಮಣ್ಣನ್ನು ಸರಿಸಿದರು. "ಏನೂ ಇಲ್ಲ. ಮಣ್ಣು."

"ಅಪ್ಪ, ಮನೆಗೆ ಹೋಗೋಣ."

"ಕೊನೇದು ಬಂತಾ?"

"ಬಂತು."

"ಪಾಸಾ?"

ಅವಳು ತಲೆಯಾಡಿಸಿದಳು.

"ಹೂಂ" ಎಂದರು ಅಪ್ಪ.

ಆಮೇಲೆ ಅವಳು ಅತ್ತಳು. ಕಚೇರಿಯಲ್ಲಿ ಅಳದೆ ಹಿಡಿದದ್ದು, ದೇವರ ಮುಂದೆ ಅಳದೆ ಹಿಡಿದದ್ದು, ಎಲ್ಲವೂ ಆ ಒಣಗಿದ ಮಡುವಿನಲ್ಲಿ ಬಂತು. "ಅವತ್ತು ನೀನು ಇಳೀಲಾ ಅಂದಾಗ ಇಳಿ ಅಂತ ಹೇಳ್ಬೇಕಿತ್ತಪ್ಪ. ನೀರಿತ್ತು. ಚೆನ್ನಾಗಿತ್ತು. ನಾನೇ ಬೇಡ ಅಂದೆ. ಬಯ್ಯಿ ನನ್ನ. ಒಂದು ಸಲ ಬಯ್ದುಬಿಡು."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವರು ಟವೆಲಿನ ತುದಿಯಿಂದ ಅವಳ ಮುಖ ಒರೆಸಿದರು, ನೀರಿನಿಂದ ಎದ್ದ ಮಕ್ಕಳ ಮುಖ ಒರೆಸುತ್ತಿದ್ದವರ ಕೈ ಅದು, ಒರಟಾಗಿ, ಬೇಗಬೇಗನೆ.

"ಕೊಳಕಾಗಿದ್ದಾಗ ಒಂದು ಅನುಕೂಲ ಇತ್ತು ನೋಡು ಮಗಳೇ" ಎಂದರು ಸ್ವಲ್ಪ ಹೊತ್ತಾದ ಮೇಲೆ. "ಯಾವತ್ತಾದ್ರೂ ಸರಿಹೋಗತ್ತೆ ಅಂತ ಕಾಯ್ತಾ ಕೂತಿದ್ದೆ. ದಿನ ಹೋಗ್ತಿತ್ತು. ಈಗ ಸರಿಹೋಯ್ತು."

ಇಬ್ಬರೂ ಮೆಟ್ಟಿಲ ಕಡೆಗೆ ನಡೆದರು. ಬಿಸಿಲಿಗೆ ಕಲ್ಲು ಕಾದು ಚಪ್ಪಲಿಯೊಳಗೂ ಸುಡುತ್ತಿತ್ತು. ಮೆಟ್ಟಿಲ ಬುಡಕ್ಕೆ ಬಂದಾಗ ಮೇಷ್ಟ್ರು ನಿಂತುಬಿಟ್ಟರು. ಕೆಳಗಿನ ಮೆಟ್ಟಿಲುಗಳು ತೊಡೆಯೆತ್ತರಕ್ಕಿದ್ದವು. ಕಟ್ಟಿದವರು ನೀರಿನಲ್ಲಿ ಹಗುರವಾದ ಮೈಗೆಂದು ಅವನ್ನು ಕಟ್ಟಿದ್ದರು; ನೀರೇ ಎತ್ತಿ ಕೊಡುತ್ತಿತ್ತು. ಇಳಿಯುವಾಗ ಹೇಗೋ ಜಾರಿಕೊಂಡು ಇಳಿದಿದ್ದ ಮುದುಕರಿಗೆ ಈಗ ಹತ್ತಲು ಕಾಲು ಏಳಲಿಲ್ಲ.

ಕೆಳಗಿನ ಮೆಟ್ಟಿಲಿಗೆ ಒರಗಿ ಸುಧಾರಿಸಿಕೊಂಡರು. ಎದೆ ಏರಿಳಿಯುತ್ತಿತ್ತು.

"ಮಗಳೇ, ಒಂದು ಕೇಳ್ತೀನಿ. ಇದ್ದದ್ದು ಇದ್ದ ಹಾಗೆ ಹೇಳು."

"ಕೇಳಪ್ಪ."

"ಬರೋ ಮಳೆಗಾಲಕ್ಕೆ ಅಣೆಕಟ್ಟು ತುಂಬಿದಾಗ ಬಾಗಿಲು ತೆಗೀತಾರಲ್ಲ. ಆವಾಗ ಒಂದು ನಾಲ್ಕು ದಿನವಾದ್ರೂ ಇಲ್ಲಿ ನೀರು ಬರತ್ತಾ? ಬರೋದಾದ್ರೆ ಅಲ್ಲೀವರೆಗೆ ಹೇಗೋ ಜೀವ ಹಿಡ್ಕೊಂಡಿರ್ತೀನಿ."

ಮೇಲೆ ಸೇತುವೆಯ ಮೇಲೆ ಒಂದು ಬಸ್ಸು ಹೋಯಿತು. ಬರುತ್ತದೆ ಎನ್ನಬಹುದಿತ್ತು. ಒಂದು ಸುಳ್ಳು, ಮಳೆಗಾಲದವರೆಗೆ ಈ ಮುಖವನ್ನು ಕಾಪಾಡುವ ಸುಳ್ಳು. ಆದರೆ ಈಜಿನ ಹಾಗೆ ಅದನ್ನೂ ಅವಳು ಕಲಿತಿರಲಿಲ್ಲ.

"ಇಲ್ಲಪ್ಪ. ಕಟ್ಟೆ ಎತ್ತರ ಮಾಡ್ತಿದಾರೆ. ಇನ್ನು ಬರಲ್ಲ."

ಮೇಷ್ಟ್ರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. ತುಟಿ ಅಲುಗುತ್ತಿತ್ತು. ಅವರು ಏನನ್ನು ಬೇಡುತ್ತಿದ್ದರೋ, ಅಥವಾ ಬೇಡುವುದನ್ನು ಬಿಡುತ್ತಿದ್ದರೋ, ಅವಳು ಕೇಳಲಿಲ್ಲ. ಆಮೇಲೆ ಕಣ್ಣು ತೆರೆದು ಕೈ ಚಾಚಿದರು.

"ಎತ್ತು ಹಾಗಾದ್ರೆ."

ಅವಳು ಅವರ ಕಂಕುಳ ಕೆಳಗೆ ಹೆಗಲು ಕೊಟ್ಟು, ಹಲ್ಲು ಕಚ್ಚಿ, ಮೊದಲನೆಯ ಮೆಟ್ಟಿಲಿಗೆ ಎತ್ತಿದಳು. ಅಷ್ಟು ಸಣಕಲು ಮನುಷ್ಯನ ಮೈ ಇಷ್ಟು ಭಾರವಿರಬಹುದು ಎಂದು ಅವಳು ಎಂದೂ ಎಣಿಸಿರಲಿಲ್ಲ.